ಒಂದೇ ಅತ್ತರು, ಹಲವು ಮೂಗು

“ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ?” ಎಂದು ನಮ್ಮ ಹಿರಿಯರು ಕೇಳುತ್ತಾರೆ. ಒಳ್ಳೆಯದರ ಬೆಲೆ ಅರಿಯದವನ ಮುಂದೆ ಒಳ್ಳೆಯದನ್ನು ಇಟ್ಟರೆ ವ್ಯರ್ಥ ಎಂಬುದು ಈ ಗಾದೆಯ ತಾತ್ಪರ್ಯ. ಗಾದೆ ಸೊಗಸಾಗಿದೆ, ಆದರೆ ಕತ್ತೆಗೆ ಮಾತ್ರ ಸ್ವಲ್ಪ ಅನ್ಯಾಯವಾಗಿದೆ. ಕತ್ತೆಯ ಮೂಗು ನಮ್ಮ ಮೂಗಿಗಿಂತ ಚುರುಕಾದದ್ದು. ಕಸ್ತೂರಿಯ ವಾಸನೆ ಅದಕ್ಕೆ ಬಡಿಯದೆ ಇರುವುದಿಲ್ಲ. ನಾವು ಮೆಚ್ಚಿದಂತೆ ಅದೂ ಮೆಚ್ಚಬೇಕೆಂಬ ನಿಯಮ ಇಲ್ಲ, ಅಷ್ಟೆ. ಕತ್ತೆಯ ಮಾತು ಹಾಗಿರಲಿ, ಮನುಷ್ಯ ಮನುಷ್ಯರಲ್ಲಿಯೇ ಒಂದು ಪರಿಮಳದ ಬಗ್ಗೆ ಒಮ್ಮತ ಇರುವುದುಂಟೆ?

ಹೈದರಾಬಾದಿನ ಚಾರ್ಮಿನಾರಿನ ಸುತ್ತಲಿನ ಅತ್ತರಿನ ಅಂಗಡಿಗಳಲ್ಲಿ ‘ಶಮಾಮಾ’ ಎಂಬ ಒಂದು ಅತ್ತರು ಸಿಗುತ್ತದೆ. ಹಳೆಯ ಕಾಲದ ರೀತಿಯಲ್ಲಿ ಹಲವಾರು ಬೇರು, ತೊಗಟೆ, ಮಸಾಲೆಗಳನ್ನು ಕೂಡಿಸಿ ಮಾಡಿದ ಅತ್ತರು ಇದು. ಗಂಡಸರೂ ಹಚ್ಚಿಕೊಳ್ಳುತ್ತಾರೆ, ಹೆಂಗಸರೂ ಹಚ್ಚಿಕೊಳ್ಳುತ್ತಾರೆ. ಇಂಥ ಅತ್ತರನ್ನು ಹತ್ತಿಯಲ್ಲಿ ಅದ್ದಿ ಹತ್ತು ಜನರ ಮೂಗಿಗೆ ಹಿಡಿದರೆ ಹತ್ತು ಬಗೆಯ ಮಾತು ಬರುತ್ತದೆ. “ಅಡುಗೆ ಮನೆಯ ಮಸಾಲೆ ಡಬ್ಬಿ ತೆರೆದ ಹಾಗಿದೆ” ಎನ್ನುವರು ಒಬ್ಬರು. “ಗಂಧಿಗೆ ಅಂಗಡಿಯ ವಾಸನೆ” ಎನ್ನುವರು ಇನ್ನೊಬ್ಬರು. “ಉರುಸಿನ ದಿನ ದರ್ಗಾದ ಒಳಗೆ ಹೋದಂತಾಯಿತು” ಎಂದು ಒಬ್ಬರು, “ದೇವರ ಕೋಣೆಯ ನೆನಪಾಯಿತು” ಎಂದು ಮತ್ತೊಬ್ಬರು. “ಮಳೆ ಬಿದ್ದ ಹೊಲದ ಮಣ್ಣು” ಎಂದು ಕಣ್ಣು ಮುಚ್ಚುವವರೂ ಇದ್ದಾರೆ. “ತಲೆ ಸಿಡಿಯುತ್ತದೆ, ದೂರ ಇಡಿರಿ” ಎಂದು ಮುಖ ತಿರುಗಿಸುವವರೂ ಇದ್ದಾರೆ. ಇವರಲ್ಲಿ ಯಾರ ಮಾತು ಸರಿ? ಈ ಪ್ರಶ್ನೆಯನ್ನು ಹಿಡಿದುಕೊಂಡು ನಾವು ಚರಿತ್ರೆಯಲ್ಲಿ ಸ್ವಲ್ಪ ದೂರ, ವಿಜ್ಞಾನದಲ್ಲಿ ಸ್ವಲ್ಪ ದೂರ ಹೋಗಿ ಬರೋಣ.

ಅತ್ತರು ಹೇಗೆ ತಯಾರಾಗುತ್ತದೆ?

ಅತ್ತರು ಎಂಬ ಮಾತು ಅರಬ್ಬಿಯ ‘ಇತ್ರ್’ ಎಂಬುದರಿಂದ ಬಂದದ್ದು. ಉತ್ತರ ಪ್ರದೇಶದ ಕನೌಜ್ ಪಟ್ಟಣ ಅತ್ತರಿಗೆ ದೇಶದಲ್ಲೆಲ್ಲ ಹೆಸರಾದದ್ದು. ಅಲ್ಲಿನ ವಿಧಾನ ಸರಳವಾದದ್ದು. ‘ದೇಗ್’ ಎಂಬ ತಾಮ್ರದ ಹಂಡೆಯಲ್ಲಿ ಹೂವನ್ನೋ ಬೇರನ್ನೋ ನೀರಿನೊಡನೆ ಹಾಕಿ, ಮುಚ್ಚಳದ ಸುತ್ತ ಮಣ್ಣು ಮೆತ್ತಿ, ಕೆಳಗೆ ಹದವಾದ ಬೆಂಕಿ ಇಡುತ್ತಾರೆ. ಹಂಡೆಯಿಂದ ಒಂದು ಬಿದಿರಿನ ಕೊಳವೆ ಹೊರಟು, ನೀರಿನ ತೊಟ್ಟಿಯಲ್ಲಿ ಕೂತಿರುವ ‘ಭಪ್ಕಾ’ ಎಂಬ ಇನ್ನೊಂದು ಪಾತ್ರೆಯನ್ನು ಸೇರುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ಪರಿಮಳ ಹೊತ್ತ ಆವಿ ಕೊಳವೆಯಲ್ಲಿ ಹರಿದು ಬಂದು, ತಂಪಿಗೆ ಹನಿಯಾಗಿ, ಗಂಧದ ಎಣ್ಣೆಯಲ್ಲಿ ಪರಿಮಳವನ್ನು ಬಿಡುತ್ತದೆ. ಅನ್ನ ಬೇಯುವಾಗ ಮುಚ್ಚಳದ ಅಡಿಯಲ್ಲಿ ಹನಿ ಕಟ್ಟುವುದನ್ನು ನೋಡಿದವರಿಗೆ ಇದು ಕಷ್ಟದ ವಿಷಯವೇನಲ್ಲ. ವಿಜ್ಞಾನದ ಪಾಠದಲ್ಲಿ ಬರುವ ಬಟ್ಟಿ ಇಳಿಸುವಿಕೆ ಎಂಬುದು ಇದೇ. ಕೊನೆಗೆ ನೀರನ್ನು ಬೇರೆ ಮಾಡಿ ಎಣ್ಣೆಯನ್ನು ಉಳಿಸಿಕೊಳ್ಳುತ್ತಾರೆ.

ಗುಲಾಬಿಯ ಅತ್ತರಿನಲ್ಲಿ ಗುಲಾಬಿ ಒಂದೇ ಮುಖ್ಯ. ಶಮಾಮಾದ ಮಾತು ಬೇರೆ. ಅದರ ಪಾಕವನ್ನು ಒಂದೊಂದು ಮನೆತನದವರು ಗುಟ್ಟಾಗಿ ಇಟ್ಟುಕೊಳ್ಳುತ್ತಾರೆ. ಆದರೂ ಸಾಮಾನ್ಯವಾಗಿ ಅದರಲ್ಲಿ ಕಲ್ಲುಹೂವು, ಜಟಾಮಾಂಸಿ, ನಾಗರಮುಸ್ತೆಯ ಗಡ್ಡೆ, ಕಚೋರದ ಜಾತಿಯ ಗಡ್ಡೆ, ಲವಂಗ, ಏಲಕ್ಕಿ, ಜಾಜಿಕಾಯಿ ಮುಂತಾದವು ಇರುತ್ತವೆ. ಇವೆಲ್ಲಕ್ಕೂ ತಳಹದಿ ಶ್ರೀಗಂಧ.

ನಮ್ಮ ಸೀಮೆಯೂ ಪರಿಮಳದ ಸೀಮೆಯೇ

ಅತ್ತರೆಂದರೆ ದೂರದ ದಿಲ್ಲಿ, ಕನೌಜಿನ ಮಾತೆಂದು ತಿಳಿಯಬಾರದು. ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು 1956ರ ನವೆಂಬರ್ 1ರ ವರೆಗೆ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಆಂಧ್ರ ಪ್ರದೇಶಕ್ಕೆ ಸೇರಿ, 2014ರಿಂದ ತೆಲಂಗಾಣದಲ್ಲಿವೆ. ಗೆರೆ ಬದಲಾದರೂ ನೆಲ ಬದಲಾಗಲಿಲ್ಲ. ಜಹೀರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯನ್ನೇ ಹಿಡಿದರೆ ಹುಮನಾಬಾದ್ ದಾಟಿ ಬಸವಕಲ್ಯಾಣದ ದಾರಿ ಸಿಗುತ್ತದೆ. ಅದೇ ಹಿಂದಿನ ಕಲ್ಯಾಣ, ಚಾಲುಕ್ಯರ ರಾಜಧಾನಿ.

ಆ ಕಲ್ಯಾಣದಲ್ಲಿ 12ನೆಯ ಶತಮಾನದ ಮೊದಲ ಭಾಗದಲ್ಲಿ ಆಳಿದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇದಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಇದೆ. ಐದು ಭಾಗ, ಒಂದೊಂದು ಭಾಗದಲ್ಲಿ 20 ಅಧ್ಯಾಯ, ಒಟ್ಟು 100 ಅಧ್ಯಾಯಗಳ ಈ ಗ್ರಂಥದಲ್ಲಿ ರಾಜನೀತಿಯಿಂದ ಹಿಡಿದು ಅಡುಗೆಯ ವರೆಗೆ ಎಲ್ಲವೂ ಇದೆ. ಅರಸನ ಉಪಭೋಗಗಳನ್ನು ಹೇಳುವ ಭಾಗದಲ್ಲಿ ಸ್ನಾನ, ಮೈಗೆ ಹಚ್ಚುವ ಲೇಪ, ಹೂಮಾಲೆ, ಧೂಪ ಇವುಗಳಿಗೆ ಬೇರೆ ಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾನೆ. ಪರಿಮಳವನ್ನು ಕೂಡಿಸುವುದು ಆಗ ಒಂದು ವಿದ್ಯೆ. ಅದಕ್ಕೆ ‘ಗಂಧಯುಕ್ತಿ’ ಎಂದು ಹೆಸರು.

ಈ ವಿದ್ಯೆಯಲ್ಲಿ ಗಣಿತವೂ ಇತ್ತೆಂದರೆ ನಮ್ಮ ಗೆಳೆಯರಿಗೆ ಆಶ್ಚರ್ಯವಾಗಬಹುದು. 6ನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ಗಂಧಯುಕ್ತಿಯ ಅಧ್ಯಾಯದಲ್ಲಿ 16 ದ್ರವ್ಯಗಳಿಂದ 4ನ್ನು ಆರಿಸಿ ಪರಿಮಳ ಕೂಡಿಸುವ ಲೆಕ್ಕವನ್ನು ಕೊಟ್ಟಿದ್ದಾನೆ. 16ರಲ್ಲಿ 4ನ್ನು 1820 ಬಗೆಯಾಗಿ ಆರಿಸಬಹುದು. ಆ ನಾಲ್ಕನ್ನು ಒಂದು, ಎರಡು, ಮೂರು, ನಾಲ್ಕು ಪಾಲಿನಂತೆ ಹಾಕುವಾಗ ಯಾವುದು ಎಷ್ಟು ಪಾಲು ಎಂಬುದನ್ನು 24 ರೀತಿಯಾಗಿ ಬದಲಿಸಬಹುದು. 1820ನ್ನು 24ರಿಂದ ಗುಣಿಸಿದರೆ 43,680! ಹದಿನಾರೇ ಡಬ್ಬಿಗಳಿಂದ ಇಷ್ಟು ಪರಿಮಳ ಹುಟ್ಟುವುದಾದರೆ, ಒಂದು ಪರಿಮಳವನ್ನು ಮೂಸಿದವರು ಒಂದೇ ಮಾತಿನಲ್ಲಿ ಅದನ್ನು ಹೇಳಿ ಮುಗಿಸುವುದು ಹೇಗೆ?

ಮುಂದೆ ವಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ (1580–1627) ‘ಇತ್ರ್-ಎ-ನವರಸ್‌ಶಾಹಿ’ ಎಂಬ ಹೆಸರಿನಲ್ಲಿ ಪರಿಮಳ ದ್ರವ್ಯಗಳ ಮೇಲೆಯೇ ಪಾರಸಿಯಲ್ಲಿ ಒಂದು ಗ್ರಂಥ ಹುಟ್ಟಿತು. ಆ ಹೆಸರನ್ನೇ ನೋಡಿರಿ: ‘ಇತ್ರ್’ ಅರಬ್ಬಿಯದು, ‘ನವರಸ’ ನಮ್ಮದು, ‘ಶಾಹಿ’ ಪಾರಸಿಯದು. 1591ರಲ್ಲಿ ಹೈದರಾಬಾದ್ ಕಟ್ಟಲ್ಪಟ್ಟಿತು. ಅಲ್ಲಿಯೂ ಅತ್ತರು ನೆಲೆಯೂರಿತು. ಹೀಗೆ ಕಲ್ಯಾಣ, ವಿಜಾಪುರ, ಹೈದರಾಬಾದ್ ಈ ಮೂರರ ನಡುವೆ ಬಿದ್ದಿರುವ ನೆಲ ನಮ್ಮದು.

ಒಂದೊಂದು ಮಾತಿಗೂ ಒಂದೊಂದು ಬೇರು

ಈಗ ಶಮಾಮಾದ ಬಗ್ಗೆ ಬಂದ ಮಾತುಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ.

“ಮಸಾಲೆ ಡಬ್ಬಿ” ಎಂದವರು ಸುಳ್ಳು ಹೇಳಲಿಲ್ಲ. ಲವಂಗ, ಏಲಕ್ಕಿ, ಜಾಜಿಕಾಯಿ ಅದರಲ್ಲಿ ಇವೆ. ಕಲ್ಲುಹೂವಂತೂ ನಮ್ಮ ಮಸಾಲೆಯಲ್ಲಿಯೂ, ಹೈದರಾಬಾದಿನ ಮಾಂಸದಡುಗೆಯಲ್ಲಿಯೂ ಬೀಳುವ ಪದಾರ್ಥ. ಹೆಸರು ಹೂವಾದರೂ ಅದು ಹೂವಲ್ಲ. ಶಿಲೀಂಧ್ರವೂ ಪಾಚಿಯೂ ಒಟ್ಟಿಗೆ ಬಾಳುವ ಕಲ್ಲುಹೂವೆಂಬ ಜೀವ. “ಗಂಧಿಗೆ ಅಂಗಡಿ” ಎಂದವರು ಜಟಾಮಾಂಸಿಯನ್ನು ಹಿಡಿದರು. ತಲೆಗೆ ಹಚ್ಚುವ ಎಣ್ಣೆಗೂ ನಾಟಿ ಔಷಧಿಗೂ ಅದನ್ನು ಹಾಕುವುದುಂಟು. “ಮಣ್ಣು” ಎಂದವರ ಮೂಗು ನಾಗರಮುಸ್ತೆಗೆ ತಗಲಿತು. ಆ ಗಡ್ಡೆಯಲ್ಲಿ ಮಣ್ಣಿನ, ಹೊಗೆಯ ವಾಸನೆ ಇದ್ದೇ ಇದೆ. ಹಲ್ಲು ತುಂಬಿಸಿಕೊಂಡು ಬಂದವರು “ಇದು ಹಲ್ಲಿನ ಡಾಕ್ಟರ ಕೋಣೆ” ಎಂದರೂ ನಗಬಾರದು. ಲವಂಗಕ್ಕೆ ಘಾಟು ಕೊಡುವ ಯೂಜೆನಾಲ್ ಎಂಬ ವಸ್ತುವನ್ನು ದಂತವೈದ್ಯರು ಹಲ್ಲು ತುಂಬುವ ಮಸಾಲೆಯಲ್ಲಿ ಬಳಸುತ್ತಾರೆ.

ಇನ್ನು ದರ್ಗಾ ಮತ್ತು ದೇವರ ಕೋಣೆ. ಇಲ್ಲಿ ಇಬ್ಬರೂ ಹಿಡಿದದ್ದು ಒಂದೇ ಶ್ರೀಗಂಧವನ್ನು. ಗುಲ್ಬರ್ಗಾದ ಖ್ವಾಜಾ ಬಂದೇನವಾಜರ ಉರುಸಿನಲ್ಲಿ ಗಂಧದ ಮೆರವಣಿಗೆಯೇ ಮುಖ್ಯವಾದದ್ದು. ಕೊಡಂಗಲ್ಲಿನ ವೆಂಕಟೇಶ್ವರನ ಗುಡಿಗೆ ಹೋದವರ ಹಣೆಗೂ ಗಂಧವೇ. ಶುಕ್ರವಾರ ನಮಾಜಿಗೆ ಹೊರಡುವವರು ಅತ್ತರು ಹಚ್ಚಿಕೊಳ್ಳುತ್ತಾರೆ. ಅದೇ ಶುಕ್ರವಾರ ತಿರುಪತಿಯಲ್ಲಿ ಅಭಿಷೇಕದ ಸೇವೆಯಲ್ಲಿ ದೇವರಿಗೆ ಪುನುಗಿನ ತೈಲ ಸಲ್ಲುತ್ತದೆ. ಮರ ಒಂದೇ, ಎಣ್ಣೆ ಒಂದೇ. ಯಾರು ಅದನ್ನು ಮೊದಲು ಎಲ್ಲಿ ಮೂಸಿದರೋ ಅವರಿಗೆ ಅದು ಆ ಜಾಗದ ವಾಸನೆ.

ಮೂಗಿನ ಒಳಗೆ ನಡೆಯುವುದೇನು?

ವಾಸನೆ ಎಂದರೆ ವಸ್ತುವಿನಿಂದ ಹೊರಟು ಗಾಳಿಯಲ್ಲಿ ತೇಲಿಬರುವ ಅಣುಗಳು. ಮೂಗಿನ ಮೇಲ್ಭಾಗದ ಒಂದು ಸಣ್ಣ ಪದರದಲ್ಲಿ ಇವುಗಳನ್ನು ಹಿಡಿಯುವ ಗ್ರಾಹಕಗಳು ಇವೆ. 1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ಅಮೆರಿಕದ ವಿಜ್ಞಾನಿಗಳು ಈ ಗ್ರಾಹಕಗಳ ಜೀನುಗಳನ್ನು ಗುರುತಿಸಿದರು. ಅದಕ್ಕಾಗಿ ಅವರಿಗೆ 2004ರಲ್ಲಿ ನೊಬೆಲ್ ಬಹುಮಾನ ಬಂತು. ಮನುಷ್ಯನಲ್ಲಿ ಸುಮಾರು 400 ಬಗೆಯ ಗ್ರಾಹಕಗಳು ಕೆಲಸ ಮಾಡುತ್ತವೆ. ಒಂದು ಅಣು ಹಲವು ಗ್ರಾಹಕಗಳನ್ನು ತಟ್ಟಬಹುದು, ಒಂದು ಗ್ರಾಹಕವನ್ನು ಹಲವು ಅಣುಗಳು ತಟ್ಟಬಹುದು. ಹಾರ್ಮೋನಿಯಂನ ಮನೆಗಳನ್ನು ಬೇರೆ ಬೇರೆಯಾಗಿ ಒತ್ತಿದರೆ ಬೇರೆ ಬೇರೆ ನಾದ ಹೊರಡುವಂತೆ, ಈ ಗ್ರಾಹಕಗಳ ಜೋಡಣೆಯಿಂದ ಮಿದುಳು ವಾಸನೆಯನ್ನು ಗುರುತಿಸುತ್ತದೆ.

ಈ ಹಾರ್ಮೋನಿಯಂ ಎಲ್ಲರಲ್ಲಿಯೂ ಒಂದೇ ಆಗಿಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. ಗ್ರಾಹಕಗಳ ಜೀನುಗಳು ವ್ಯಕ್ತಿಯಿಂದ ವ್ಯಕ್ತಿಗೆ ಸ್ವಲ್ಪ ಸ್ವಲ್ಪ ಬೇರೆ. ಬೆವರಿನಲ್ಲಿ ಇರುವ ಆಂಡ್ರೋಸ್ಟೆನೋನ್ ಎಂಬ ವಸ್ತು ಕೆಲವರಿಗೆ ಮೂತ್ರದ ನಾತದಂತೆ, ಕೆಲವರಿಗೆ ಸಿಹಿಯಾಗಿ ಬಡಿಯುತ್ತದೆ. ಇನ್ನು ಕೆಲವರಿಗೆ ಅದು ತಿಳಿಯುವುದೇ ಇಲ್ಲ. ಒಂದೇ ಒಂದು ಗ್ರಾಹಕದ ಜೀನಿನಲ್ಲಿಯ ವ್ಯತ್ಯಾಸ ಇದಕ್ಕೆ ಬಹುಮಟ್ಟಿಗೆ ಕಾರಣವೆಂದು 2007ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕಸ್ತೂರಿಯಂಥ ಕೆಲವು ಕೃತಕ ಪರಿಮಳಗಳೂ ಹೀಗೆಯೇ. ಒಬ್ಬರಿಗೆ ಘಮ್ಮೆನ್ನುವುದು ಪಕ್ಕದವರಿಗೆ ಬರಿಯ ಗಾಳಿ.

ಪ್ರಮಾಣವೂ ಮುಖ್ಯ. ಮಲ್ಲಿಗೆಯಲ್ಲಿ ಇಂಡೋಲ್ ಎಂಬ ವಸ್ತುವಿದೆ. ಚಿಟಿಕೆಯಷ್ಟಿದ್ದರೆ ಅದು ಹೂವಿನ ಸೊಬಗು, ಹೆಚ್ಚಾದರೆ ಮಲದ ನಾತ. ಪುನುಗೂ ಹಾಗೆಯೇ. ಮುಚ್ಚಿದ ಬಸ್ಸಿನಲ್ಲಿ ಪಕ್ಕದವರ ಮುಡಿಯ ಮಲ್ಲಿಗೆ ತಲೆನೋವು ತಂದರೆ, ಅದು ಹೂವಿನ ದೋಷವೂ ಅಲ್ಲ, ತಲೆ ಹಿಡಿದುಕೊಂಡವರ ದೋಷವೂ ಅಲ್ಲ.

ಹೊತ್ತಿನ ಮಾತೂ ಇದೆ. ಅತ್ತರಿನಲ್ಲಿಯ ಹಗುರವಾದ ಅಣುಗಳು ಮೊದಲು ಹಾರಿಹೋಗುತ್ತವೆ, ಭಾರವಾದವು ಹಿಂದೆ ಉಳಿಯುತ್ತವೆ. ಏಲಕ್ಕಿಯ, ಕರ್ಪೂರದ ಬಗೆಯ ಪರಿಮಳ ಮೊದಲ ಗಳಿಗೆಯದು. ಶ್ರೀಗಂಧ, ನಾಗರಮುಸ್ತೆ ಸಂಜೆಯ ವರೆಗೂ ಇರುತ್ತವೆ. ಬೆಳಿಗ್ಗೆ ಮೂಸಿದವರೂ ಸಂಜೆ ಮೂಸಿದವರೂ ಒಂದೇ ಅತ್ತರಿನ ಬೇರೆ ಬೇರೆ ಅಧ್ಯಾಯಗಳನ್ನು ಓದಿದಂತೆ. ಮೈ ಬೆಚ್ಚಗಿದ್ದರೆ ಪರಿಮಳ ಬೇಗ ಹರಡುತ್ತದೆ, ತಣ್ಣಗಿದ್ದರೆ ನಿಧಾನ. ಚಳಿಗೆ ಕೇಸರಿ, ಅಗರು, ಬೇಸಿಗೆಗೆ ಶ್ರೀಗಂಧ ಎಂದು ಆಯುರ್ವೇದದ ಋತುಚರ್ಯೆಯಲ್ಲಿ ಹೇಳಿರುವುದು ಇಲ್ಲಿ ನೆನಪಿಡತಕ್ಕದ್ದು. ಹಚ್ಚಿಕೊಂಡವರಿಗೆ ಮಾತ್ರ ಸ್ವಲ್ಪ ಹೊತ್ತಿನಲ್ಲಿ ತಮ್ಮ ಅತ್ತರು ತಮಗೇ ತಿಳಿಯದಂತಾಗುತ್ತದೆ, ಏಕೆಂದರೆ ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಕೊಳ್ಳುತ್ತದೆ. ಆಗ ಅವರು ಇನ್ನೊಂದಿಷ್ಟು ಬಳಿದುಕೊಳ್ಳುತ್ತಾರೆ, ತೊಂದರೆ ಪಕ್ಕದವರಿಗೆ.

ನೆನಪು ಮತ್ತು ಹೆಸರು

ಕಣ್ಣಿನ, ಕಿವಿಯ ಸುದ್ದಿ ಮಿದುಳಿನಲ್ಲಿ ಥಾಲಮಸ್ ಎಂಬ ಭಾಗವನ್ನು ಹಾಯ್ದು ಮುಂದಕ್ಕೆ ಹೋಗುತ್ತದೆ. ವಾಸನೆಯ ಸುದ್ದಿ ಮಾತ್ರ ಆ ದಾರಿಯನ್ನು ಬಿಟ್ಟು, ಭಾವನೆ ಮತ್ತು ನೆನಪಿನ ಭಾಗಗಳಿಗೆ ಬಹಳ ಹತ್ತಿರದ ಹಾದಿಯಲ್ಲಿ ಹೋಗುತ್ತದೆ. ಆದುದರಿಂದಲೇ ಒಂದು ವಾಸನೆ ಬಡಿದರೆ ಅದರ ಹೆಸರು ಹೊಳೆಯುವ ಮೊದಲೇ ಅಜ್ಜಿಯ ಸೀರೆಯ ಪೆಟ್ಟಿಗೆಯೋ ಆಸ್ಪತ್ರೆಯ ಮಂಚವೋ ಕಣ್ಣ ಮುಂದೆ ಬರುತ್ತದೆ. ಶ್ರೀಗಂಧದ ಊದಿನಕಡ್ಡಿಯನ್ನು ಹಬ್ಬದಲ್ಲಿ ಮೂಸಿ ಬೆಳೆದವರಿಗೆ ಅದು ಸಂತೋಷ. ಸಾವಿನ ಮನೆಯಲ್ಲಿ ಮೊದಲು ಮೂಸಿದ ಮಗುವಿಗೆ ಅದೇ ದುಃಖ.

ಹೆಸರೂ ಮೂಗನ್ನು ಆಳುತ್ತದೆ. 1899ರಲ್ಲಿ ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಲಾಸನ್ ಎಂಬವರು ತಮ್ಮ ಉಪನ್ಯಾಸದಲ್ಲಿ ನಡೆಸಿದ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಅವರು ಹತ್ತಿಯ ಮೇಲೆ ಬರಿಯ ನೀರನ್ನು ಸುರಿದು, ಇದು ಗಾಢ ವಾಸನೆಯ ರಾಸಾಯನಿಕ, ವಾಸನೆ ಬಂದವರು ಕೈ ಎತ್ತಿರಿ ಎಂದರು. 15 ಸೆಕೆಂಡುಗಳಲ್ಲಿ ಮುಂದಿನ ಸಾಲಿನ ಬಹುಮಂದಿ ಕೈ ಎತ್ತಿದರು. ಸ್ವಲ್ಪ ಹೊತ್ತಿನಲ್ಲಿ ಸಭೆಯ ಮುಕ್ಕಾಲು ಪಾಲು ಜನ ವಾಸನೆ ಬಂತೆಂದರು. ಇಲ್ಲದ ವಾಸನೆಯೇ ಹೀಗೆ ಬಂದರೆ, ಇದ್ದ ವಾಸನೆಗೆ “ಅರಮನೆಯ ಅತ್ತರು” ಎಂದು ಹೆಸರು ಹಚ್ಚಿ ಚೆಂದದ ಸೀಸೆಯಲ್ಲಿ ತುಂಬಿದರೆ ಮೂಗು ಮೆಚ್ಚದೆ ಇದ್ದೀತೆ?

ನಮ್ಮ ಗಡಿನಾಡಿನಲ್ಲಂತೂ ಮಾತಿನಿಂದಲೇ ಮೂಗು ಮುಚ್ಚುವ ಪ್ರಸಂಗ ಉಂಟು. ಕನ್ನಡದಲ್ಲಿ ‘ಕಂಪು’ ಎಂದರೆ ಸುವಾಸನೆ. ದಿನಬಳಕೆಯ ತೆಲುಗಿನಲ್ಲಿ ‘ಕಂಪು’ ಎಂದರೆ ದುರ್ನಾತ! “ನಿಮ್ಮ ಹೂವಿನದು ಎಂಥ ಕಂಪು!” ಎಂದು ಹೊಗಳಿದರೆ ತೆಲುಗಿನ ನೆರೆಯವರಿಗೆ ಸಿಟ್ಟು ಬಂದೀತು. ತಮಿಳಿನ ‘ನಾಟ್ರಂ’ ಎಂಬ ಮಾತಿಗೆ ಹಿಂದೆ ಪರಿಮಳವೆಂಬ ಅರ್ಥವಿತ್ತು, ಈಗ ನಾತವೆಂಬ ಅರ್ಥ. ಮಾತೇ ಹೀಗೆ ಮಗುಚಿಕೊಳ್ಳುವಾಗ ಅಭಿಪ್ರಾಯ ಮಗುಚಿಕೊಳ್ಳುವುದರಲ್ಲಿ ಏನು ವಿಶೇಷ?

ಮಲೇಶಿಯಾದ ಕಾಡುಗಳಲ್ಲಿ ಜಹಾಯ್ ಎಂಬ ಜನರಿದ್ದಾರೆ. ವಾಸನೆಗಳಿಗಾಗಿಯೇ ಅವರ ಭಾಷೆಯಲ್ಲಿ ಬೇರೆ ಬೇರೆ ಪದಗಳಿವೆ. ನಾವು ಬಣ್ಣಗಳನ್ನು ಹೇಳುವಷ್ಟು ಸುಲಭವಾಗಿ ಅವರು ವಾಸನೆಗಳನ್ನು ಹೇಳುತ್ತಾರೆಂದು 2014ರಲ್ಲಿ ಸಂಶೋಧಕರು ತೋರಿಸಿದರು. ನಮ್ಮ ಕನ್ನಡವೇನೂ ಬಡವಲ್ಲ. ಕಂಪು, ಘಮ, ಪರಿಮಳ, ಘಾಟು, ಕಮಟು, ಮುಗ್ಗಲು, ಹಳಸಲು, ಸೀದ ವಾಸನೆ, ಹಸಿ ವಾಸನೆ ಎಂದು ಎಷ್ಟೊಂದು ಮಾತುಗಳಿವೆ. ಇವನ್ನೆಲ್ಲ ಬಿಟ್ಟು “ಚೆನ್ನಾಗಿದೆ”, “ಚೆನ್ನಾಗಿಲ್ಲ” ಎಂಬ ಎರಡೇ ಮಾತಿನಿಂದ ಮೂಗಿನ ಸಂಸಾರ ಸಾಗಿಸುವುದು ನಮ್ಮ ಸೋಮಾರಿತನ.

ಗಂಡಿಗೋ, ಹೆಣ್ಣಿಗೋ?

ಇಂದು ಅಂಗಡಿಯಲ್ಲಿ ಸುಗಂಧದ ಸೀಸೆ ಕೊಳ್ಳಹೋದರೆ “ಗಂಡಸರಿಗೋ, ಹೆಂಗಸರಿಗೋ?” ಎಂದು ಮೊದಲು ಕೇಳುತ್ತಾರೆ. ಹೂವಿನ ಪರಿಮಳ ಹೆಣ್ಣಿಗೆ, ಮರದ ಮತ್ತು ಮಸಾಲೆಯ ಪರಿಮಳ ಗಂಡಿಗೆ ಎಂಬ ಹಂಚಿಕೆ ಶಾಸ್ತ್ರದಲ್ಲಿಯೂ ಇಲ್ಲ, ವಿಜ್ಞಾನದಲ್ಲಿಯೂ ಇಲ್ಲ. ಬಹುಮಟ್ಟಿಗೆ ಅದು ಈಚಿನ ವ್ಯಾಪಾರದ ಮತ್ತು ಜಾಹೀರಾತಿನ ಹಂಚಿಕೆ. ಸೋಮೇಶ್ವರನು ಹೂಮಾಲೆಯನ್ನೂ ಲೇಪವನ್ನೂ ಅರಸನ ಭೋಗಗಳಲ್ಲಿಯೇ ಎಣಿಸಿದನು. ಗುಲಾಬಿ ಅತ್ತರು ನೂರ್‌ಜಹಾನಳ ತಾಯಿ ಗುಲಾಬಿನೀರು ಮಾಡುವಾಗ ಮೇಲೆ ತೇಲಿದ ಎಣ್ಣೆಯಿಂದ ದೊರೆಯಿತೆಂದು ಜಹಾಂಗೀರ್ ಬಾದಶಹನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆದರೆ ಅದಕ್ಕೆ ಇಟ್ಟ ಹೆಸರು ‘ಇತ್ರ್-ಎ-ಜಹಾಂಗೀರಿ’! ಕಂಡವಳು ಹೆಣ್ಣು, ಹೆಸರು ಗಂಡಿನದು, ಹಚ್ಚಿಕೊಂಡವರು ಇಬ್ಬರೂ.

ಯೂರೋಪಿನಲ್ಲಿಯೂ ಮೊದಲು ಹೀಗೆಯೇ ಇತ್ತು. ಜರ್ಮನಿಯ ಕಲೋನ್ ನಗರದಲ್ಲಿ 1709ರಿಂದ ವ್ಯಾಪಾರ ನಡೆಸಿದ ಫರೀನಾ ಮನೆತನದ ‘ಕಲೋನ್ ನೀರ’ನ್ನು ಸ್ತ್ರೀ ಪುರುಷರಿಬ್ಬರೂ ಬಳಸುತ್ತಿದ್ದರು. ಮುಂದೆ ಸೀಸೆಗಳು ಎರಡು ಪಾಲಾದವು. ಎಷ್ಟೋ ಕಾಲದ ಮೇಲೆ, 1994ರಲ್ಲಿ, ಅಮೆರಿಕದ ಒಂದು ಕಂಪೆನಿ ‘ಸಿಕೆ ವನ್’ ಎಂಬ ಸುಗಂಧವನ್ನು ಇಬ್ಬರಿಗೂ ಒಂದೇ ಎಂದು ಸಾರಿ ಮಾರಿದಾಗ ಅದು ದೊಡ್ಡ ಹೊಸತನವೆನಿಸಿತು. ನಮ್ಮ ಮದುವೆಯ ಮನೆಗಳಲ್ಲಿ ಬಾಗಿಲಿಗೆ ನಿಂತು, ಬಂದ ಬೀಗರಿಗೆಲ್ಲ ಒಂದೇ ಗುಲಾಬುದಾನಿಯಿಂದ ಪನ್ನೀರು ಚಿಮುಕಿಸುವವರಿಗೆ ಈ ಸುದ್ದಿ ಕೇಳಿ ನಗು ಬಂದೀತು. ಗಂಡಸರ ಪನ್ನೀರು, ಹೆಂಗಸರ ಪನ್ನೀರು ಎಂದು ಎರಡು ಗುಲಾಬುದಾನಿಗಳನ್ನು ನಾವಂತೂ ಕಂಡಿಲ್ಲ.

ಹಳೆಯದೆಂಬುದು ಎಷ್ಟು ಹಳೆಯದು?

“ಇದು ರಾಜಮಹಾರಾಜರ ಕಾಲದ ಪರಿಮಳ” ಎಂದು ಮಾರುವವರ ಮಾತನ್ನು ಎಷ್ಟು ನಂಬಬೇಕು? ಹಳೆಯ ಗ್ರಂಥದಲ್ಲಿ ದ್ರವ್ಯಗಳ ಹೆಸರು ಇರುತ್ತದೆ. ಆದರೆ ಆ ಹೆಸರಿನ ಗಿಡ ಯಾವುದೆಂಬುದರಲ್ಲಿಯೇ ಎಷ್ಟೋ ಸಲ ಪಂಡಿತರಿಗೆ ಭಿನ್ನಾಭಿಪ್ರಾಯ. ‘ಯಕ್ಷಕರ್ದಮ’ ಎಂಬ ಹೆಸರಾಂತ ಲೇಪವನ್ನೇ ನೋಡೋಣ. ಕರ್ಪೂರ, ಅಗರು, ಕಸ್ತೂರಿ, ಕಕ್ಕೋಲ ಎಂದು ಅಮರಕೋಶ ಹೇಳುತ್ತದೆ. ಬೇರೆ ಗ್ರಂಥಗಳಲ್ಲಿ ಕೇಸರಿ, ಶ್ರೀಗಂಧಗಳೂ ಸೇರುತ್ತವೆ. ಹಳಬರೇ ಒಂದು ಪಾಕಕ್ಕೆ ನಿಂತಿರಲಿಲ್ಲ.

ಇನ್ನು ಕಸ್ತೂರಿ. ಅದು ಹಿಮಾಲಯದ ಗಂಡು ಕಸ್ತೂರಿ ಮೃಗದ ಗ್ರಂಥಿಯಿಂದ ಬರುವಂಥದು. ಪರಿಮಳಕ್ಕಾಗಿ ಪ್ರಾಣಿಯನ್ನೇ ಕೊಂದು ಕೊಂದು ಅದರ ಸಂತತಿ ಕ್ಷೀಣಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದರ ಬೇಟೆ ಅಪರಾಧ. ಇಂದು ಸೀಸೆಯ ಮೇಲೆ ಕಸ್ತೂರಿ ಎಂದಿದ್ದರೆ ಅದು ಸಾಮಾನ್ಯವಾಗಿ ಪ್ರಯೋಗಶಾಲೆಯದು. 1888ರಲ್ಲಿ ಬಾವರ್ ಎಂಬ ಜರ್ಮನ್ ವಿಜ್ಞಾನಿ ಸ್ಫೋಟಕಗಳ ಸಂಶೋಧನೆ ನಡೆಸುತ್ತಿದ್ದಾಗ ಕಸ್ತೂರಿಯಂತೆ ಪರಿಮಳಿಸುವ ವಸ್ತು ಆಕಸ್ಮಿಕವಾಗಿ ಸಿಕ್ಕಿತು. ಕೃತಕ ಕಸ್ತೂರಿಯ ಕಥೆ ಅಲ್ಲಿಂದ ಬೆಳೆಯಿತು. ಶ್ರೀಗಂಧದ ಮರಗಳೂ ಕಡಿಮೆಯಾಗಿ ಎಣ್ಣೆ ದುಬಾರಿಯಾದುದರಿಂದ ಅಗ್ಗದ ಅತ್ತರುಗಳಿಗೆ ವಾಸನೆಯಿಲ್ಲದ ಬೇರೆ ಎಣ್ಣೆಗಳೇ ತಳಹದಿ. ಹೀಗಾಗಿ ಅಜ್ಜ ಹೇಳಿದ ಶಮಾಮಾಕ್ಕೂ ಮೊಮ್ಮಗ ಕೊಂಡು ತಂದ ಶಮಾಮಾಕ್ಕೂ ತಾಳೆಯಾಗದಿದ್ದರೆ ಅದು ಅಜ್ಜನ ಮರೆವೇ ಆಗಿರಬೇಕಾಗಿಲ್ಲ. ವಸ್ತುವೇ ಬೇರೆಯಾಗಿರಬಹುದು.

ನಾವೇ ಮಾಡಿ ನೋಡಬಹುದು

ಇದನ್ನೆಲ್ಲ ತಿಳಿಯಲು ದುಬಾರಿಯ ಅತ್ತರು ಬೇಕಾಗಿಲ್ಲ. ಲವಂಗ, ಏಲಕ್ಕಿ, ಕಲ್ಲುಹೂವು, ಲಾವಂಚದ ಬೇರು, ಒಣಗಿದ ಗುಲಾಬಿಯ ಎಸಳು ಇವನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ಡಬ್ಬಿಗಳಿಗೆ ಅಂಕಿ ಕೊಡಬೇಕು. ಒಬ್ಬೊಬ್ಬರೂ ಕಣ್ಣು ಮುಚ್ಚಿ ಮೂಸಿ, ಪರಸ್ಪರ ಮಾತನಾಡದೆ, ಎರಡು ವಿಷಯ ಬರೆಯಬೇಕು: ಇದು ಏನಿರಬಹುದು? ಇದರಿಂದ ಏನು ನೆನಪಾಯಿತು? ನಡುನಡುವೆ ಸ್ವಲ್ಪ ಹೊತ್ತು ಹೊರಗಿನ ಗಾಳಿಗೆ ಬಂದರೆ ಮೂಗಿನ ದಣಿವು ಕಳೆಯುತ್ತದೆ. ಕೊನೆಗೆ ಎಲ್ಲ ಚೀಟಿಗಳನ್ನು ಒಟ್ಟಿಗೆ ಓದಿ, ಉತ್ತರಗಳನ್ನು ಕೋಷ್ಟಕದಲ್ಲಿ ತುಂಬಿರಿ. ಮೊದಲ ಪ್ರಶ್ನೆಗೆ ಸರಿ, ತಪ್ಪು ಉಂಟು. ಎರಡನೆಯದಕ್ಕೆ ಇಲ್ಲ. ದಮ್ಮಿನ ತೊಂದರೆ ಇದ್ದವರು ಈ ಆಟದಿಂದ ದೂರವಿರುವುದು ಒಳ್ಳೆಯದು.

ಕೊನೆಯ ಮಾತು

ಅತ್ತರಿನ ಬಗ್ಗೆ ಇಷ್ಟು ಹೇಳಿದ್ದು ಅತ್ತರಿಗಾಗಿ ಮಾತ್ರ ಅಲ್ಲ. ವಾಸನೆಯ ನೆಪದಲ್ಲಿ ಮನುಷ್ಯರನ್ನು ದೂರ ಇಡುವುದು ಲೋಕದ ಹಳೆಯ ರೋಗ. ಒಬ್ಬರ ಮನೆಯ ಅಡುಗೆ ಇನ್ನೊಬ್ಬರಿಗೆ ನಾತ. ಒಬ್ಬರ ಅತ್ತರು ಇನ್ನೊಬ್ಬರಿಗೆ “ಅವರ ಪೈಕಿಯ ವಾಸನೆ”. ದನದ ಕೊಟ್ಟಿಗೆಯ ಕೆಲಸ ಮುಗಿಸಿ ಶಾಲೆಗೆ ಬಂದ ಹುಡುಗನ ಪಕ್ಕದಲ್ಲಿ ಕೂಡಲು ಹಿಂಜರಿಯುವವರಿದ್ದಾರೆ. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದ ಹುಡುಗಿಯನ್ನು ನೋಡಿ ಮೂಗು ಮುಚ್ಚುವವರಿದ್ದಾರೆ. ಮಲ್ಲಿಗೆಯ ಅತ್ತರು ಹಚ್ಚಿದ ಹುಡುಗನನ್ನು “ಹೆಣ್ಣಿಗ” ಎಂದು ಗೇಲಿ ಮಾಡುವವರೂ ಇದ್ದಾರೆ. ಮೂಗು ಮುಚ್ಚಿದವರು ಒಂದು ಕ್ಷಣದಲ್ಲಿ ಮರೆತುಬಿಡುತ್ತಾರೆ. ಮುಚ್ಚಿಸಿಕೊಂಡವರಿಗೆ ಅದು ವರ್ಷಗಟ್ಟಲೆ ನೆನಪಿರುತ್ತದೆ.

2020ರಲ್ಲಿ ಕೊರೋನಾ ಬಂದಾಗ ಎಷ್ಟೋ ಜನರಿಗೆ ಕೆಲವು ದಿನ, ಕೆಲವರಿಗೆ ತಿಂಗಳುಗಟ್ಟಲೆ ವಾಸನೆಯೇ ತಿಳಿಯದಾಯಿತು. ಕಾಫಿಯ ಘಮವೂ ಇಲ್ಲ, ಒಗ್ಗರಣೆಯ ಘಾಟೂ ಇಲ್ಲ. ಕೆಟ್ಟ ವಾಸನೆಯಾದರೂ ಬರಲಿ ಎಂದು ಹಂಬಲಿಸಿದವರು ಉಂಟು. ಹಾಗಾದರೆ ಒಂದೇ ಅತ್ತರಿಗೆ ಹತ್ತು ಮಾತು ಬರುವುದು ಸಂಕಟವಲ್ಲ, ಸಂಪತ್ತು. ಮಸಾಲೆ ಎಂದವರು, ಮಣ್ಣು ಎಂದವರು, ದರ್ಗಾ ಎಂದವರು, ದೇವರ ಕೋಣೆ ಎಂದವರು ಎಲ್ಲರೂ ತಮ್ಮ ತಮ್ಮ ಪಾಲಿನ ನಿಜವನ್ನೇ ಹೇಳಿದರು. ತಲೆ ಸಿಡಿಯುತ್ತದೆ ಎಂದವರೂ ನಿಜವನ್ನೇ ಹೇಳಿದರು. ಅವರಿಗಾಗಿ ಕಿಟಕಿ ತೆರೆಯುವುದು ನಮ್ಮ ಕರ್ತವ್ಯ.

ಆದುದರಿಂದ ಗೆಳೆಯರೇ, ಇನ್ನು ಮುಂದೆ ಯಾರಾದರೂ ಒಂದು ಪರಿಮಳವನ್ನು ನಮ್ಮಂತೆ ಮೆಚ್ಚದಿದ್ದರೆ ಕತ್ತೆಯ ಗಾದೆಯನ್ನು ಹೇಳುವ ಮೊದಲು, “ನಿಮಗೆ ಇದರಿಂದ ಏನು ನೆನಪಾಯಿತು?” ಎಂದು ಕೇಳೋಣ. ಆ ಉತ್ತರದಲ್ಲಿ ಒಂದು ಮನೆ, ಒಂದು ಊರು, ಒಂದು ಬಾಲ್ಯ ನಮಗೆ ಕಾಣಸಿಗಬಹುದು.